ಮೇಷ್ಟ್ರೇ, ನಿಮ್ಮ ಡಿಸ್ಕ್ ಮಲಗಿದೆ

ಪ್ರಶ್ನೆ: ನಾನು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದು ನಿವೃತ್ತನಾದವನು. ಹನ್ನೊಂದು ವರ್ಷದಿಂದ ನಮ್ಮ ಕಡೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆ, ದೇವರಗುಡ್ಡರ ಮಾದಪ್ಪನ ಕಥೆ, ಹೆಣ್ಣುಮಕ್ಕಳ ಸೋಬಾನೆ ಪದ ಎಲ್ಲವನ್ನೂ ರೆಕಾರ್ಡ್ ಮಾಡಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ತುಂಬಿಟ್ಟಿದ್ದೇನೆ. ಈಗ ದಿನವೂ ಕೂತು, ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಆರು ತಿಂಗಳಿಂದ ಒಂದು ಕಾಟ. ನಾಲ್ಕು ಸಾಲು ಕೇಳಿ, ನಿಲ್ಲಿಸಿ, ಬರೆದು, ತಿದ್ದಿ, ಮತ್ತೆ ಪ್ಲೇ ಒತ್ತಿದರೆ ಲ್ಯಾಪ್‌ಟಾಪ್ ಅಲ್ಲಾಡದೆ ನಿಂತುಬಿಡುತ್ತದೆ. ಕೆಲವು ಸಲ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಕೆಲವು ಸಲ ಡಿಸ್ಕೇ ಮಾಯ. ವಯರು ಕಿತ್ತು ಮತ್ತೆ ಹಾಕಿದರೆ ಬರುತ್ತದೆ. ಕರೆಂಟು ಹೋದಾಗ ಈ ಕಾಟ ಇನ್ನೂ ಜಾಸ್ತಿ. ಆದರೆ ಮೊನ್ನೆ ಮೂರು ಗಂಟೆ ಹೊತ್ತು ಎಲ್ಲೂ ನಿಲ್ಲಿಸದೆ ಕಥೆ ಕೇಳಿದೆ, ಒಂದು ಸಲವೂ ಕೈಕೊಡಲಿಲ್ಲ. ಹೋದ ವಾರ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಅಂತ ಪರದೆಯ ಮೇಲೆ ಬಂತು. ಹೆದರಿ ವಯರು ಕಿತ್ತೆ. ಚಾಮರಾಜನಗರದ ಅಂಗಡಿಯೊಂದರಲ್ಲಿ ತೋರಿಸಿದರೆ, “ಡಿಸ್ಕ್ ಹೋಗಿದೆ ಸಾರ್, ಫಾರ್ಮ್ಯಾಟ್ ಮಾಡಿ ನೋಡೋಣ, ಆಗದಿದ್ದರೆ ಹೊಸದು ತಗೊಳ್ಳಿ” ಅಂದರು. ಬೆಂಗಳೂರಿನಲ್ಲಿರುವ ಮಗನೂ “ಅಪ್ಪಾ, ಹೊಸದು ಕಳಿಸ್ತೀನಿ ಬಿಡಿ” ಅನ್ನುತ್ತಾನೆ. ಡಿಸ್ಕ್ ಹೊಸದು ಬರುತ್ತದೆ, ಒಳಗಿರುವುದು ಬರುತ್ತದೆಯೇ? ಇಡೀ ರಾತ್ರಿ ಮಂಟೇಸ್ವಾಮಿ ಕಥೆ ಹಾಡಿದ್ದ ಹಿರಿಯರು ಎರಡು ವರ್ಷದ ಹಿಂದೆ ತೀರಿಕೊಂಡರು. “ಅಪ್ಪನ ದನಿ ಒಂದ್ಸಲ ಕೇಳಿಸಿ ಮೇಷ್ಟ್ರೇ” ಅಂತ ಅವರ ಮಗ ಎರಡು ಸಲ ಫೋನ್ ಮಾಡಿದ. ಏನೇನೋ ನೆಪ ಹೇಳಿದ್ದೇನೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

— ನಿವೃತ್ತ ಶಿಕ್ಷಕ, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದ ಓದಿ ಮುಗಿಸುವಷ್ಟರಲ್ಲಿ ನನಗೆ ಅರ್ಧ ಸಮಾಧಾನವಾಯಿತು. ರೋಗದ ಲಕ್ಷಣವನ್ನು ಇಷ್ಟು ಸರಿಯಾಗಿ ಬರೆಯುವವರು ಕಡಿಮೆ. ಆ ಲಕ್ಷಣಗಳನ್ನು ನೋಡಿದರೆ ನಿಮ್ಮ ಡಿಸ್ಕ್ ಸತ್ತಿಲ್ಲ. ಅದು ನಿದ್ದೆ ಹೋಗುತ್ತಿದೆ, ಎಬ್ಬಿಸಿದಾಗ ಸರಿಯಾಗಿ ಏಳುತ್ತಿಲ್ಲ. ಉಳಿದರ್ಧ ಸಮಾಧಾನ ಇನ್ನೂ ಬಂದಿಲ್ಲ. ಹನ್ನೊಂದು ವರ್ಷದ ಓಡಾಟ ಒಂದೇ ಪೆಟ್ಟಿಗೆಯಲ್ಲಿ ಕೂತಿದೆ, ಅದಕ್ಕೆ ಇನ್ನೊಂದು ಪ್ರತಿ ಇದೆ ಎಂದು ನೀವು ಎಲ್ಲೂ ಬರೆದಿಲ್ಲ. ನನಗೆ ಡಿಸ್ಕ್‌ನ ನಿದ್ದೆಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಆ ಸಂಗತಿ.

ಹಾಗಾಗಿ ಮೊದಲ ಮಾತು ಫಾರ್ಮ್ಯಾಟ್ ಬಗ್ಗೆ. ಬೇಡ. ಯಾರು ಹೇಳಿದರೂ ಬೇಡ. ಫಾರ್ಮ್ಯಾಟ್ ಎಂದರೆ ರಿಪೇರಿ ಅಲ್ಲ ಮೇಷ್ಟ್ರೇ. ಶಾಲೆಯ ದಾಖಲಾತಿ ರಿಜಿಸ್ಟರ್ ಹರಿದು ಹಾಕಿ ಹೊಸ ಖಾಲಿ ರಿಜಿಸ್ಟರ್ ತೆರೆದ ಹಾಗೆ. ಮಕ್ಕಳು ತರಗತಿಯಲ್ಲೇ ಕೂತಿರಬಹುದು, ಯಾವ ಮಗು ಯಾವುದೆಂದು ಹೇಳುವ ಪುಸ್ತಕ ಮಾತ್ರ ಇರುವುದಿಲ್ಲ. ಅರೆನಿದ್ದೆಯಲ್ಲಿರುವ ಡಿಸ್ಕ್‌ನಿಂದ ಆ ರಿಜಿಸ್ಟರ್ ಓದಲು ವಿಂಡೋಸ್‌ಗೆ ಆಗದಿದ್ದಾಗ, “ಇದನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು” ಎಂದು ಕೇಳುತ್ತದೆ. ಅದಕ್ಕೆ ಒತ್ತಬೇಕಾದದ್ದು ಕ್ಯಾನ್ಸಲ್. ನೀವು ಹೆದರಿ ವಯರು ಕಿತ್ತದ್ದೇ ಆವತ್ತು ಒಳ್ಳೆಯದಾಯಿತು. ನಮ್ಮ ಅಕ್ಕನ ಮಗಳ ಮದುವೆ ಫೋಟೋಗಳಿದ್ದ ಡಿಸ್ಕನ್ನು ಇದೇ ಸಂದೇಶ ನೋಡಿ ಗಾಬರಿಯಾಗಿ ಒಂದು ಅಂಗಡಿಗೆ ಕೊಟ್ಟಿದ್ದೆವು. ಸಂಜೆಗೆ ಡಿಸ್ಕ್ ಸರಿಯಾಗಿ ಬಂತು, ಒಳಗೆ ಏನೂ ಇರಲಿಲ್ಲ. ಆ ಮದುವೆಯಲ್ಲಿ ನಮ್ಮ ಅಮ್ಮ ನಗುತ್ತಾ ನಿಂತಿದ್ದ ಒಂದು ಚಿತ್ರವಿತ್ತು. ಇವತ್ತಿಗೂ ಅದು ನೆನಪಾದಾಗ ಹೊಟ್ಟೆ ತೊಳಸಿದಂತಾಗುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ರೋಗಕ್ಕೆ ಬರೋಣ. ನೀವು ಮೂರು ಸುಳಿವು ಕೊಟ್ಟಿದ್ದೀರಿ. ನಿಲ್ಲಿಸದೆ ಮೂರು ಗಂಟೆ ಕೇಳಿದಾಗ ಡಿಸ್ಕ್ ತೊಂದರೆ ಕೊಡಲಿಲ್ಲ. ನಿಲ್ಲಿಸಿ ಬರೆಯುತ್ತಾ ಕೂತಾಗ ಕೊಟ್ಟಿತು. ಕರೆಂಟು ಹೋದಾಗ ಜಾಸ್ತಿ ಕೊಟ್ಟಿತು. ತಟ್ಟೆ ಸವೆದು ಹಾಳಾಗುತ್ತಿರುವ ಡಿಸ್ಕ್ ಇದಕ್ಕೆ ತಿರುಗುಮುರುಗು ನಡೆದುಕೊಳ್ಳುತ್ತದೆ. ಕೆಲಸ ಹೆಚ್ಚಿದಷ್ಟೂ ಮುಗ್ಗರಿಸುತ್ತದೆ, ಮೂರು ಗಂಟೆ ಒಂದೇ ಸಮ ಓಡುವುದು ಕಷ್ಟ. ನಿಮ್ಮದು ಕೆಲಸವಿದ್ದಾಗ ಚೆನ್ನಾಗಿ ದುಡಿಯುತ್ತದೆ, ಕೆಲಸವಿಲ್ಲದಾಗ ಕೈಕೊಡುತ್ತದೆ. ಇದು ನಿದ್ದೆಯ ಲಕ್ಷಣ.

ಯಾಕೆ ಮಲಗುತ್ತದೆ? ನಿಮ್ಮ ಡಿಸ್ಕ್‌ನ ಒಳಗೆ ಗಾಜಿನದೋ ಅಲ್ಯೂಮಿನಿಯಂನದೋ ತಟ್ಟೆಗಳಿವೆ. ಅಂಗೈಯಗಲದ ಡಿಸ್ಕ್‌ಗಳಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತವೆ. ತಿರುಗಿಸುವ ಮೋಟಾರಿಗೆ ವಿದ್ಯುತ್ ಬೇಕು. ಅದು ಬರುವುದು ಲ್ಯಾಪ್‌ಟಾಪ್‌ನಿಂದ, ಅದೇ ಸಣ್ಣ ವಯರಿನಲ್ಲಿ. ಲ್ಯಾಪ್‌ಟಾಪ್‌ಗೆ ತನ್ನ ಬ್ಯಾಟರಿಯ ಚಿಂತೆ. ಸ್ವಲ್ಪ ಹೊತ್ತು ಯಾರೂ ಏನೂ ಕೇಳದಿದ್ದರೆ ತಟ್ಟೆ ನಿಲ್ಲಿಸು ಎನ್ನುತ್ತದೆ. ವಿಂಡೋಸ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಚಾರ್ಜರ್ ಹಾಕಿದ್ದಾಗ ಈ ಗಡುವು 20 ನಿಮಿಷ, ಬ್ಯಾಟರಿಯ ಮೇಲಿದ್ದಾಗ 10 ನಿಮಿಷ. ಕರೆಂಟು ಹೋದಾಗ ಕಾಟ ಜಾಸ್ತಿಯಾಗುವ ಗುಟ್ಟು ಇಲ್ಲಿದೆ. ಮೇ ತಿಂಗಳ ಗಾಳಿಮಳೆಗೆ ನಿಮ್ಮ ಕಡೆ ಕರೆಂಟು ಹೋದ ಕ್ಷಣವೇ ಲ್ಯಾಪ್‌ಟಾಪ್ ಜಿಪುಣನಂತಾಗುತ್ತದೆ, ಡಿಸ್ಕ್ ಎರಡು ಪಟ್ಟು ಬೇಗ ಮಲಗುತ್ತದೆ. ನಿಮ್ಮಂಥವರಿಗೆ ಒಂದು ಸೊಲ್ಲಿನ ಅರ್ಥ ಕೂಡಿಸಲು, ಹಳೆಯ ಮಾತೊಂದನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಕೇಳಿಕೊಂಡು ಬರಲು ಹತ್ತು ನಿಮಿಷ ಸಾಲದು.

ಇದು ಒಂದು ಬಗೆಯ ನಿದ್ದೆ. ಇದರ ಮೇಲೆ ಇನ್ನೊಂದಿದೆ, ತಂಟೆ ಹೆಚ್ಚು ಅದರಲ್ಲಿ. ವಯರು ಸಿಕ್ಕಿಸುವ ಯುಎಸ್‌ಬಿ ಪೋರ್ಟನ್ನೇ ವಿಂಡೋಸ್ ಮಲಗಿಸುತ್ತದೆ. ಇದಕ್ಕೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂದು ಹೆಸರು. ಮೌಸ್, ಕೀಬೋರ್ಡ್ ಆದರೆ ತೊಂದರೆಯಿಲ್ಲ, ಬೆರಳು ತಾಗಿದ ಕೂಡಲೇ ಎಚ್ಚರವಾಗುತ್ತವೆ. ಡಿಸ್ಕ್ ಹಾಗಲ್ಲ. ಪೆಟ್ಟಿಗೆಯ ಒಳಗೆ ಡಿಸ್ಕ್‌ಗೂ ವಯರಿಗೂ ನಡುವೆ ದುಭಾಷಿಯಂತೆ ಒಂದು ಸಣ್ಣ ಬೋರ್ಡ್ ಕೂತಿರುತ್ತದೆ. ಮೊದಲು ಪೋರ್ಟ್ ಏಳಬೇಕು, ಆಮೇಲೆ ಆ ಬೋರ್ಡ್ ಏಳಬೇಕು, ಆಮೇಲೆ ತಟ್ಟೆ ತಿರುಗಿ ವೇಗಕ್ಕೆ ಬರಬೇಕು. ಅಷ್ಟರಲ್ಲಿ ಪ್ಲೇ ಒತ್ತಿದ ನಿಮ್ಮ ಪ್ಲೇಯರ್ ಉತ್ತರಕ್ಕೆ ಕಾಯುತ್ತಾ ನಿಂತಿರುತ್ತದೆ. ನಿಮಗೆ ಲ್ಯಾಪ್‌ಟಾಪ್ ಅಲ್ಲಾಡದೆ ನಿಂತಂತೆ ಕಾಣುವುದು ಅದೇ ಹೊತ್ತು. ಬೋರ್ಡ್ ಸಮಯಕ್ಕೆ ಓಗೊಡದಿದ್ದರೆ ವಿಂಡೋಸ್ ಈ ಸಾಮಾನನ್ನು ಯಾರೋ ಕಿತ್ತರು ಎಂದುಕೊಂಡು ಪಟ್ಟಿಯಿಂದ ತೆಗೆದುಬಿಡುತ್ತದೆ. ಡಿಸ್ಕ್ ಮಾಯವಾಗುವುದು ಹೀಗೆ. ನೀವು ವಯರು ಕಿತ್ತು ಹಾಕಿದಾಗ ಎಲ್ಲವೂ ಮೊದಲಿನಿಂದ ಶುರುವಾಗುವುದರಿಂದ ಅದು ಮತ್ತೆ ಕಾಣಿಸುತ್ತದೆ.

ಇದನ್ನು ನಂಬಲು ನನ್ನ ಮಾತೊಂದೇ ಸಾಕಾಗದು. ನಿಮ್ಮ ಕಿವಿ ಇದೆ. ತಂಬೂರಿಯ ಶ್ರುತಿ ಒಂದು ಎಳೆ ಇಳಿದರೂ ಗೊತ್ತಾಗುವ ಕಿವಿ ಅದು. ಮನೆ ಸದ್ದಿಲ್ಲದ ಹೊತ್ತಿನಲ್ಲಿ ಡಿಸ್ಕನ್ನು ಮೇಜಿನ ಮೇಲೆ ಮಡಿಸಿದ ಟವೆಲಿನ ಮೇಲಿಟ್ಟು, ಅಲುಗಿಸದೆ, ಕಿವಿಯನ್ನು ಹತ್ತಿರ ತನ್ನಿ. ತಿರುಗುವಾಗ ಸಣ್ಣದಾಗಿ ಒಂದೇ ಸಮ ಸುಂಯ್ ಎನ್ನುತ್ತಿರುತ್ತದೆ. ಪ್ಲೇ ನಿಲ್ಲಿಸಿ ಸುಮ್ಮನೆ ಕೂತಿರಿ. ಒಂದು ಹೊತ್ತಿಗೆ ಮೆಲ್ಲಗೆ ಟಿಕ್ ಎಂದು ಒಂದೇ ಸದ್ದು, ಆಮೇಲೆ ಆ ಸುಂಯ್ ಇಳಿದು ಇಳಿದು ನಿಲ್ಲುತ್ತದೆ. ಓದುವ ಸೂಜಿ ತನ್ನ ಗೂಡಿಗೆ ಸರಿದು ತಟ್ಟೆ ನಿಂತ ಸದ್ದು ಅದು. ಗಡಿಯಾರ ನೋಡಿ ಬರೆದುಕೊಳ್ಳಿ: ಎಷ್ಟು ನಿಮಿಷಕ್ಕೆ ಮಲಗಿತು, ಚಾರ್ಜರ್ ಇತ್ತೋ ಇರಲಿಲ್ಲವೋ, ಎದ್ದಿತೋ ಮಾಯವಾಯಿತೋ. ಹಾಜರಿ ಪುಸ್ತಕದ ಹಾಗೆ ಒಂದು ವಾರ ಬರೆದರೆ ಯಾವ ಅಂಗಡಿಯವರೂ ಕೊಡಲಾಗದ ರಿಪೋರ್ಟ್ ನಿಮ್ಮ ಕೈಯಲ್ಲಿರುತ್ತದೆ.

ಟಿಕ್ ಒಂದೇ ಸಲ ಬಂದರೆ ಅದು ನಿದ್ದೆ. ಟಕ್, ಟಕ್, ಟಕ್ ಎಂದು ಕಂಸಾಳೆ ಬಡಿದಂತೆ ಬಿಡದೆ ಬಂದರೆ ಮಾತ್ರ ಬೇರೆ ವಿಷಯ. ಸೂಜಿಗೆ ದಾರಿ ಸಿಗುತ್ತಿಲ್ಲ ಎಂದರ್ಥ. ಆಗ ಆ ಕ್ಷಣವೇ ವಯರು ತೆಗೆದು ಡಿಸ್ಕನ್ನು ಎತ್ತಿಡಿ, ಮತ್ತೆ ಮತ್ತೆ ಹಾಕಿ ನೋಡಬೇಡಿ, ಪೆಟ್ಟಿಗೆ ಬಿಚ್ಚಬೇಡಿ. ಬೆಂಗಳೂರಿನಲ್ಲಿ ಹಾಳಾದ ಡಿಸ್ಕ್‌ನಿಂದ ಮಾಹಿತಿ ತೆಗೆಯುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ, ಅವರ ಹತ್ತಿರ ಕೊಂಡೊಯ್ಯುವ ಕೆಲಸವನ್ನು ಮಗನಿಗೆ ಹೇಳಿ. ದುಬಾರಿ ಕೆಲಸ, ಆದರೂ ಆಗ ಅದೇ ದಾರಿ. ನಿಮ್ಮ ಕಾಗದದಲ್ಲಿ ಅಂಥ ಸದ್ದಿನ ಮಾತಿಲ್ಲ. ಇದ್ದಿದ್ದರೆ ನೀವು ಬರೆಯದೆ ಬಿಡುತ್ತಿರಲಿಲ್ಲ ಎಂದು ನಂಬಿದ್ದೇನೆ.

ಈಗ ಕೆಲಸ. ಸೆಟ್ಟಿಂಗ್ ಬದಲಿಸುವ ಮುಂಚೆ ಪ್ರತಿ ತೆಗೆಯಿರಿ. ಪ್ರತಿ ತೆಗೆಯುವಾಗ ಡಿಸ್ಕ್ ಬಿಡುವಿಲ್ಲದೆ ಓಡುವುದರಿಂದ ಅದಕ್ಕೆ ಮಲಗಲು ಹೊತ್ತೇ ಸಿಗುವುದಿಲ್ಲ, ನಿಮ್ಮ ಮೂರು ಗಂಟೆಯ ಅನುಭವವೇ ಸಾಕ್ಷಿ. ಚಾರ್ಜರ್ ಹಾಕಿರಲಿ. ಡಿಸ್ಕ್‌ನ ವಯರು ನೇರ ಲ್ಯಾಪ್‌ಟಾಪ್‌ಗೇ ಹೋಗಲಿ, ನಡುವೆ ನಾಲ್ಕು ಪೋರ್ಟಿನ ಹಬ್ ಬೇಡ. ಇಡೀ ಡಿಸ್ಕನ್ನು ಒಂದೇ ಏಟಿಗೆ ಎಳೆಯಬೇಡಿ, ಒಂದೊಂದೇ ಫೋಲ್ಡರ್ ತೆಗೆಯಿರಿ. ಯಾವುದು ಮೊದಲು? ಹಾಡಿದವರು ಈಗ ಇಲ್ಲ ಎನ್ನುವ ರೆಕಾರ್ಡಿಂಗ್‌ಗಳು ಮೊದಲು. ಬದುಕಿರುವವರ ಹತ್ತಿರ ಹೋಗಿ ಮತ್ತೊಂದು ರಾತ್ರಿ ಹಾಡಿಸಬಹುದು, ತೀರಿಕೊಂಡವರ ಹತ್ತಿರ ಆಗುವುದಿಲ್ಲ. ಆ ಹಿರಿಯರ ಕಥೆಯೇ ಇವತ್ತಿನ ಮೊದಲ ಕೆಲಸವಾಗಲಿ.

ಜಾಗದ ಲೆಕ್ಕ ಹೇಳಿಬಿಡುತ್ತೇನೆ. ಸಿಡಿ ಗುಣಮಟ್ಟದ ವೇವ್ ಫೈಲ್ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ, ಗಂಟೆಗೆ 600 ಎಂಬಿಗೆ ಸ್ವಲ್ಪ ಮೇಲೆ. ಎಂಟು ಗಂಟೆಯ ಕಥೆ ಸುಮಾರು 5 ಜಿಬಿ. ಹಾಗೆಂದರೆ ಒಂದು 64 ಜಿಬಿ ಪೆನ್‌ಡ್ರೈವ್‌ನಲ್ಲಿ ಹತ್ತಕ್ಕಿಂತ ಹೆಚ್ಚು ರಾತ್ರಿಗಳು ಹಿಡಿಯುತ್ತವೆ. ಹೊಸ ಡಿಸ್ಕ್ ಬೆಂಗಳೂರಿನಿಂದ ಬರುವವರೆಗೂ ಕಾಯಬೇಕಿಲ್ಲ. ತೆಗೆದ ಮೇಲೆ ಫೈಲಿನ ಗಾತ್ರ ಎರಡೂ ಕಡೆ ಒಂದೇ ಇದೆಯೇ ನೋಡಿ, ಮೊದಲು, ನಡುವೆ, ಕೊನೆ ಮೂರು ಕಡೆ ಸ್ವಲ್ಪ ಸ್ವಲ್ಪ ಕೇಳಿ. ಕೇಳದೆ ಪ್ರತಿಯಿದೆ ಎಂದು ನಂಬಿ ಕೂತವರು ಆಮೇಲೆ ಅತ್ತದ್ದನ್ನು ನೋಡಿದ್ದೇನೆ.

ಪ್ರತಿ ಆದ ಮೇಲೆ ಸೆಟ್ಟಿಂಗ್. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆಯಿರಿ. ನೀವು ಬಳಸುತ್ತಿರುವ ಪ್ಲಾನ್‌ನ ಪಕ್ಕ ಚೇಂಜ್ ಪ್ಲಾನ್ ಸೆಟ್ಟಿಂಗ್ಸ್ ಎಂದಿರುತ್ತದೆ, ಅದರೊಳಗೆ ಚೇಂಜ್ ಅಡ್ವಾನ್ಸ್‌ಡ್ ಪವರ್ ಸೆಟ್ಟಿಂಗ್ಸ್. ಒಂದು ಸಣ್ಣ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಹಾರ್ಡ್ ಡಿಸ್ಕ್ ಎಂಬ ಸಾಲಿನ ಪಕ್ಕದ ಕೂಡು ಚಿಹ್ನೆ ಒತ್ತಿದರೆ ಟರ್ನ್ ಆಫ್ ಹಾರ್ಡ್ ಡಿಸ್ಕ್ ಆಫ್ಟರ್ ಎಂದು ಬರುತ್ತದೆ. ಆನ್ ಬ್ಯಾಟರಿ, ಪ್ಲಗ್ಡ್ ಇನ್ ಎರಡಕ್ಕೂ ಸೊನ್ನೆ ಹಾಕಿ, ಅದು ನೆವರ್ ಎಂದಾಗುತ್ತದೆ. ಅದೇ ಕಿಟಕಿಯಲ್ಲಿ ಕೆಳಗೆ ಯುಎಸ್‌ಬಿ ಸೆಟ್ಟಿಂಗ್ಸ್, ಅದರೊಳಗೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್. ಎರಡೂ ಕಡೆ ಡಿಸೇಬಲ್ಡ್ ಮಾಡಿ ಓಕೆ ಒತ್ತಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಯುಎಸ್‌ಬಿ ಸಾಲನ್ನು ಅಡಗಿಸಿಟ್ಟಿರುತ್ತಾರೆ. ಕಾಣದಿದ್ದರೆ ಗಾಬರಿ ಬೇಡ, ಇನ್ನೊಂದು ಬಾಗಿಲಿದೆ. ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ತೀರ ಕೆಳಗೆ ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಎಂದಿದೆ. ಅದರಲ್ಲಿ ಯುಎಸ್‌ಬಿ ರೂಟ್ ಹಬ್ ಎಂಬ ಹೆಸರು ಒಂದೋ ಎರಡೋ ಮೂರೋ ಇರುತ್ತದೆ. ಪ್ರತಿಯೊಂದನ್ನೂ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಇದನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ಇದೆ ಎಂಬರ್ಥದ ಸಾಲಿನ ಮುಂದಿನ ಟಿಕ್ ಗುರುತು ತೆಗೆದುಬಿಡಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಇವು ಮತ್ತೆ ಹಳೆಯ ಸ್ಥಿತಿಗೆ ಹೋಗಿರಬಹುದು, ಕಾಟ ಮರಳಿ ಬಂದರೆ ಮೊದಲು ಇಲ್ಲೇ ಬಂದು ನೋಡಿ. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗುತ್ತದೆ. ಆಗಲಿ.

ಇಷ್ಟು ಮಾಡಿಯೂ ಟಿಕ್ ಸದ್ದು ನಿಂತಿಲ್ಲವಾದರೆ ಮಲಗಿಸುತ್ತಿರುವುದು ಲ್ಯಾಪ್‌ಟಾಪ್ ಅಲ್ಲ, ಪೆಟ್ಟಿಗೆಯೇ. ಅನೇಕ ಎಕ್ಸ್‌ಟರ್ನಲ್ ಡಿಸ್ಕ್‌ಗಳಲ್ಲಿ ಕಂಪನಿಯವರೇ ಒಂದು ನಿದ್ದೆಯ ಗಡಿಯಾರ ಇಟ್ಟಿರುತ್ತಾರೆ, ವಿಂಡೋಸ್‌ನ ಮಾತು ಅದಕ್ಕೆ ತಾಗುವುದಿಲ್ಲ. ಕೆಲವು ಕಂಪನಿಗಳು ಅದನ್ನು ನಿಲ್ಲಿಸುವ ಸಾಫ್ಟ್‌ವೇರನ್ನು ತಮ್ಮ ವೆಬ್‌ಸೈಟಿನಲ್ಲಿ ಪುಕ್ಕಟೆ ಕೊಡುತ್ತವೆ. ಮಗ ಊರಿಗೆ ಬಂದಾಗ ಹಾಕಿಸಿಕೊಳ್ಳಿ.

ಮಗ ಬಂದಾಗ ಇನ್ನೆರಡು ಕೆಲಸವನ್ನೂ ಅವನಿಗೇ ಬಿಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪುಕ್ಕಟೆ ಸಾಫ್ಟ್‌ವೇರ್ ಡಿಸ್ಕ್‌ನ ನಾಡಿ ನೋಡುತ್ತದೆ. ನೀಲಿ ಬಣ್ಣ ಆರೋಗ್ಯ, ಹಳದಿ ಎಚ್ಚರಿಕೆ, ಕೆಂಪು ಅಪಾಯ. ಅದರ ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳ ರಾ ವ್ಯಾಲ್ಯೂ ಸೊನ್ನೆ ಇರಬೇಕು. ಸೊನ್ನೆಯಲ್ಲದಿದ್ದರೆ ತಟ್ಟೆಯಲ್ಲೇ ಕಲೆ ಬಿದ್ದಿದೆ ಎಂದು, ಆಗ ನಾನು ಇಷ್ಟು ಹೊತ್ತು ಹೇಳಿದ ನಿದ್ದೆಯ ಜೊತೆಗೆ ಕಾಯಿಲೆಯೂ ಇದೆ ಎಂದು ತಿಳಿಯಿರಿ. ಸಿ1 ಎಂಬ ಸಾಲು ಸೂಜಿ ಎಷ್ಟು ಸಲ ಗೂಡಿಗೆ ಹೋಗಿ ಬಂದಿದೆ ಎಂಬ ಎಣಿಕೆ. ಅಂಗೈಯಗಲದ ಅನೇಕ ಡಿಸ್ಕ್‌ಗಳಿಗೆ ಕಂಪನಿಗಳು ಹೇಳುವ ಮಿತಿ 6 ಲಕ್ಷ. ಪದೇ ಪದೇ ಮಲಗಿ ಏಳುವ ಡಿಸ್ಕ್‌ನಲ್ಲಿ ಈ ಎಣಿಕೆ ಓಡೋಡಿ ಏರುತ್ತದೆ, ಉಳಿತಾಯವೆಂದು ಮಾಡಿದ್ದು ಸವೆತವಾಗುತ್ತದೆ. ಇನ್ನೊಂದು ಕೆಲಸ, ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ದಾಖಲೆ ತೆರೆದು ನಿಮ್ಮ ಹಾಜರಿ ಪುಸ್ತಕದ ಹೊತ್ತುಗಳ ಜೊತೆ ತಾಳೆ ನೋಡುವುದು. ಡಿಸ್ಕ್ ಹೆಸರಿನಲ್ಲಿ 157 ಎಂಬ ಸಂಖ್ಯೆ ಕಂಡರೆ ಡಿಸ್ಕ್ ಹಠಾತ್ತನೆ ಕಾಣೆಯಾಯಿತು ಎಂದರ್ಥ. 7 ಎಂಬ ಸಂಖ್ಯೆ ಕಂಡರೆ ತಟ್ಟೆಯಲ್ಲಿ ಕೆಟ್ಟ ಜಾಗ ಇದೆ ಎಂದರ್ಥ.

ವಯರಿನ ಬಗ್ಗೆ ಒಂದು ಮಾತು. ಯುಎಸ್‌ಬಿ ಪೋರ್ಟ್ ಹುಟ್ಟಿದಾಗ ಅದರ ಮನಸ್ಸಿನಲ್ಲಿದ್ದದ್ದು ಕೀಬೋರ್ಡ್, ಮೌಸ್‌ನಂಥ ಸಣ್ಣ ಸಾಮಾನು. ಹಳೆಯ 2.0 ಪೋರ್ಟ್ ಕೊಡುವ ಭರವಸೆ 500 ಮಿಲಿ ಆಂಪಿಯರ್ ಮಾತ್ರ. 3.0 ಬಂದ ಮೇಲೆ ಅದು 900ಕ್ಕೆ ಏರಿತು. ನಿಂತ ತಟ್ಟೆಯನ್ನು ಮತ್ತೆ ತಿರುಗಿಸುವ ಆ ಕೆಲವು ಕ್ಷಣ, ನಿಂತ ಎತ್ತಿನಗಾಡಿಯನ್ನು ಎಳೆಯುವ ಮೊದಲ ಜಗ್ಗಿನ ಹಾಗೆ, ಡಿಸ್ಕ್‌ಗೆ ಮಾಮೂಲಿಗಿಂತ ಹೆಚ್ಚು ಬಲ ಬೇಕು. ಸೊರಗಿದ ಪೋರ್ಟ್, ಉದ್ದನೆಯ ತೆಳು ವಯರು, ಸಡಿಲವಾದ ಪಿನ್ನು ಇದ್ದರೆ ಆ ಜಗ್ಗು ಸಾಲದೆ ಡಿಸ್ಕ್ ಎದ್ದು ಮತ್ತೆ ಬೀಳುತ್ತದೆ. ಪೋರ್ಟಿನ ಒಳಗಿನ ನಾಲಿಗೆ ನೀಲಿಯಿದ್ದರೆ ಸಾಮಾನ್ಯವಾಗಿ ಅದು 3.0, ಅದನ್ನೇ ಬಳಸಿ. ಡಿಸ್ಕ್ ಕಡೆಯ ಅಗಲವಾದ ಚಪ್ಪಟೆ ಪಿನ್ನು ವರ್ಷಾನುಗಟ್ಟಲೆ ಕಿತ್ತು ಹಾಕಿ ಸಡಿಲವಾಗುವುದು ಬಹಳ. ನೀವು ಆರು ತಿಂಗಳಿಂದ ಎಷ್ಟು ಸಲ ಕಿತ್ತು ಹಾಕಿದ್ದೀರೋ! ಗಿಡ್ಡನೆಯ ಹೊಸ ವಯರು ಒಂದು ತರಿಸಿ ಬದಲಿಸಿ ನೋಡಿ, ಹೆಚ್ಚು ಖರ್ಚಿನದಲ್ಲ. ಎಷ್ಟೋ ಡಿಸ್ಕ್‌ಗಳು ವಯರಿನ ತಪ್ಪಿಗೆ ಗುಜರಿ ಸೇರಿವೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಸಲಹೆ ಬೇರೆಯೇ ಇದೆ. ಆ ಡಿಸ್ಕ್‌ನಿಂದ ನೇರ ಕೇಳಿ ಬರೆಯುವುದನ್ನೇ ಬಿಟ್ಟುಬಿಡಿ. ನಿಮ್ಮ ಕಡೆಯ ಹಳೆಯ ಮನೆಗಳಲ್ಲಿ ರಾಗಿ ಹಗೇವು ನೋಡಿದ್ದೀರಿ. ದಿನದ ಹಿಟ್ಟಿಗೆ ಯಾರಾದರೂ ಹಗೇವು ತೆಗೆಯುತ್ತಿದ್ದರೇ? ವರ್ಷಕ್ಕೊಮ್ಮೆಯೋ ಎರಡು ಸಲವೋ ಬಾಯಿ ತೆಗೆದು, ಬೇಕಾದಷ್ಟನ್ನು ವಾಡೆಗೆ ತುಂಬಿಕೊಂಡು, ಮತ್ತೆ ಭದ್ರ ಮಾಡಿ ಮಣ್ಣು ಮುಚ್ಚುತ್ತಿದ್ದರು. ದಿನದ ಅಡುಗೆ ವಾಡೆಯ ರಾಗಿಯಲ್ಲಿ ನಡೆಯುತ್ತಿತ್ತು. ಡಿಸ್ಕ್ ನಿಮ್ಮ ಹಗೇವು, ಲ್ಯಾಪ್‌ಟಾಪ್ ನಿಮ್ಮ ವಾಡೆ. ಈ ವಾರ ಬರೆಯುವ ಒಂದು ರಾತ್ರಿಯ ಕಥೆಯನ್ನಷ್ಟೇ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಿ. ಗಡಿಯಾರದ ಪಕ್ಕದಲ್ಲಿರುವ ಸೇಫ್ಲಿ ರಿಮೂವ್ ಗುರುತು ಒತ್ತಿ, ತೆಗೆಯಬಹುದು ಎಂದು ಹೇಳಿಸಿಕೊಂಡು, ಡಿಸ್ಕ್ ತೆಗೆದು ಬೀರುವಿನಲ್ಲಿಡಿ. ಆಮೇಲೆ ಒಂದು ಪದಕ್ಕೆ ಅರ್ಧ ದಿನ ಯೋಚಿಸಿದರೂ ಯಾವ ಡಿಸ್ಕೂ ಮಲಗುವುದಿಲ್ಲ. ನಿಮ್ಮ ಕೆಲಸದ ನಡಿಗೆಗೆ ಹೊಂದುವ ದಾರಿ ಇದು.

ಮಗ ಹೊಸ ಡಿಸ್ಕ್ ಕಳಿಸುತ್ತೇನೆ ಎಂದನಲ್ಲ, ಬೇಡ ಎನ್ನಬೇಡಿ, ತರಿಸಿಕೊಳ್ಳಿ. ಹಳೆಯದರ ಬದಲಿಗಲ್ಲ, ಅದರ ಜೊತೆಗೆ. ಒಂದೇ ವಸ್ತುವಿನ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ. ಮಾಹಿತಿ ಕಾಯುವ ಕಸುಬಿನವರೆಲ್ಲ ಒಪ್ಪುವ ಲೆಕ್ಕ ಇದು. ನಿಮಗೆ ಅದು ಕಷ್ಟವಲ್ಲ: ಬೀರುವಿನಲ್ಲಿ ಒಂದು, ಬೆಂಗಳೂರಿನ ಮಗನ ಮನೆಯಲ್ಲಿ ಒಂದು, ಮೂರನೆಯದು ಪೆನ್‌ಡ್ರೈವ್‌ನಲ್ಲೋ ಇಂಟರ್‌ನೆಟ್‌ನಲ್ಲೋ. ಗೂಗಲ್‌ನ ಪುಕ್ಕಟೆ ಜಾಗ 15 ಜಿಬಿ, ಮೂರು ರಾತ್ರಿಗಳ ಕಥೆ ಹಿಡಿಸುತ್ತದೆ. ಹಾಡಿದವರ ಮನೆಯವರು ಒಪ್ಪುವುದಾದರೆ ಒಂದು ಪ್ರತಿಯನ್ನು ಸಂಸ್ಥೆಯೊಂದಕ್ಕೆ ಕೊಡುವ ಮಾತನ್ನೂ ಯೋಚಿಸಿ. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕವಿದೆ, ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಿದೆ, ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಪ್ರತಿಯ ಜೊತೆ ಹಾಡಿದವರ ಹೆಸರು, ಊರು, ದಿನ, ಯಾವ ಸಂದರ್ಭ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಹೆಸರಿಲ್ಲದ ದನಿ ಇಪ್ಪತ್ತು ವರ್ಷದ ಮೇಲೆ ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಈಗ ನಿಮ್ಮ ನಿದ್ದೆ ಕೆಡಿಸಿರುವ ವಿಷಯ. ಆ ಹಿರಿಯರ ಮಗನಿಗೆ ನೆಪ ಹೇಳಿದ್ದೇನೆ ಎಂದು ಬರೆದಿದ್ದೀರಿ. ಕಳೆದುಹೋಗಿದ್ದರೆ ಹೇಗೆ ಹೇಳಲಿ ಎಂಬ ಭಯದಲ್ಲಿ ಹೇಳಿದ್ದೀರಿ, ಅದು ನನಗೆ ಅರ್ಥವಾಗುತ್ತದೆ. ಆದರೆ ಮೇಷ್ಟ್ರೇ, ಆ ದನಿಯನ್ನು ನೀವು ಕಾಪಾಡಿದ್ದೀರಿ, ನಿಜ. ಅದು ಮೊದಲು ಅವರ ಮನೆಯದು. ಎರಡು ವರ್ಷದಿಂದ ಅವರ ಮನೆಯಲ್ಲಿ ಆ ದನಿ ಇಲ್ಲ, ನಿಮ್ಮ ಬೀರುವಿನಲ್ಲಿದೆ. ರೆಕಾರ್ಡ್ ಮಾಡಿದ ವಾರವೇ ಒಂದು ಪ್ರತಿಯನ್ನು ಆ ಮನೆಗೆ ಕೊಟ್ಟಿದ್ದರೆ ಇವತ್ತು ಡಿಸ್ಕ್ ಕೈಕೊಟ್ಟರೂ ನೀವು ಇಷ್ಟು ನಡುಗಬೇಕಿರಲಿಲ್ಲ. ಬೈಯುವುದಕ್ಕೆ ಹೇಳುತ್ತಿಲ್ಲ, ಮುಂದಿನ ಹಾಡುಗಾರರ ವಿಷಯದಲ್ಲಿ ಹಾಗೆ ಮಾಡಿ ಎಂದು ಕೇಳಿಕೊಳ್ಳುತ್ತಿದ್ದೇನೆ. ಹಾಡಿದವರ ಮನೆಗೆ ಮರಳಿ ಕೊಟ್ಟ ಪ್ರತಿಗಿಂತ ಭದ್ರವಾದ ಪ್ರತಿ ನನಗೆ ಗೊತ್ತಿಲ್ಲ. ಅದನ್ನು ಕೇಳುವವರಿರುತ್ತಾರೆ, ಒಬ್ಬರಿಂದೊಬ್ಬರಿಗೆ ದಾಟಿಸುವವರಿರುತ್ತಾರೆ, ಕೆಟ್ಟರೆ ಕೆಟ್ಟಿತು ಎಂದು ಅವತ್ತೇ ಗೊತ್ತಾಗುತ್ತದೆ. ಬೀರುವಿನಲ್ಲಿಟ್ಟದ್ದು ಕೆಟ್ಟರೆ ವರ್ಷವಾದರೂ ಗೊತ್ತಾಗುವುದಿಲ್ಲ.

ಅವರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಡಿಸ್ಕ್ ಸತಾಯಿಸುತ್ತಿತ್ತು, ಹೆದರಿ ಸುಮ್ಮನಿದ್ದೆ, ಈಗ ಪ್ರತಿ ತೆಗೆದಿದ್ದೇನೆ ಎನ್ನಿ. ಮಂಟೇಸ್ವಾಮಿಯ ಒಕ್ಕಲಿನವರು ಅವರು, ನಿಮ್ಮ ಮಾತು ಅವರಿಗೆ ಅರ್ಥವಾಗುತ್ತದೆ. ಮೊಬೈಲ್‌ಗೆ ಹಾಕಿಕೊಡುವುದಾದರೆ ವೇವ್ ಫೈಲನ್ನು ಎಂಪಿ3 ಮಾಡಿಸಿ. 128 ಕೆಬಿಪಿಎಸ್‌ನಲ್ಲಿ ಗಂಟೆಗೆ 60 ಎಂಬಿಯ ಒಳಗೇ ಬರುತ್ತದೆ, ಇಡೀ ರಾತ್ರಿಯ ಕಥೆ ಅರ್ಧ ಜಿಬಿಗೂ ಕಡಿಮೆ. ಸಾಧಾರಣ ಫೋನಿನಲ್ಲೂ ಹಿಡಿಯುತ್ತದೆ. ಮೂಲ ಫೈಲನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಹಾಕಿ ಅದನ್ನೂ ಕೊಡಿ, ಮೇಲೆ ಆ ಹಿರಿಯರ ಹೆಸರು ಬರೆದು.

ನಿಮ್ಮ ಕೈಯಾರೆ ಕೊಂಡೊಯ್ದು ಕೊಡಿ ಎಂದು ನನ್ನ ಆಸೆ. ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಯಲ್ಲಿ ಚಂದ್ರಮಂಡಲ ಹೊತ್ತಿಸುವ ರಾತ್ರಿ ನೀಲಗಾರರೆಲ್ಲ ಅಲ್ಲೇ ಇರುತ್ತಾರೆ, ಆ ಹಿರಿಯರ ಮಗನೂ ಬರಬಹುದು. ಆದರೆ ಅಲ್ಲಿಯವರೆಗೆ ಕಾಯಬೇಡಿ. ಇವತ್ತು ಚಾರ್ಜರ್ ಹಾಕಿ, ಆ ಒಂದು ರಾತ್ರಿಯ ಪ್ರತಿ ತೆಗೆದು, ಮೂರು ಕಡೆ ಕೇಳಿ ನೋಡಿ, ಆಮೇಲೆ ಅವರಿಗೆ ಫೋನ್ ಮಾಡಿ.